ಸೋಲಿನ ಅಂಜಿಕೆ ಮತ್ತು ಆತ್ಮವಿಶ್ವಾಸ

(ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಹಾಗೂ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಹೆಚ್ಚು ಅಂಕ ಗಳಿಸುವ ಉಪಾಯಗಳನ್ನು ಹೇಳಿಕೊಡಲು ನಿಮ್ಮ ಶಿಕ್ಷಕರಿದ್ದಾರೆ. ನಾನು ಅಂಕಗಳಿಗಿಂತ ಮೊದಲೇ ಬಂದು ಮನಸ್ಸಿನಲ್ಲಿ ಕುಳಿತುಕೊಳ್ಳುವ ಅಂಜಿಕೆಯನ್ನು ಕುರಿತು ಮಾತನಾಡಬಯಸುತ್ತೇನೆ.

ಸೋಲಿಗೆ ಅಂಜುತ್ತೇವೆಂದು ನಾವು ಹೇಳಿಕೊಳ್ಳುತ್ತೇವೆ. ನಿಜವಾಗಿ ನಾವು ಅಂಜುವುದು ನಾಲ್ಕು ಜನರ ಮಾತಿಗೆ. ಮನೆಯಲ್ಲಿ ಒಬ್ಬನೇ ಕುಳಿತು ಲೆಕ್ಕ ತಪ್ಪಿದ ಹುಡುಗ ಅದನ್ನು ಅಳಿಸಿ ಮತ್ತೆ ಬಿಡಿಸುತ್ತಾನೆ. ಅದೇ ತಪ್ಪು ಕರಿಹಲಗೆಯ ಮುಂದೆ ಆಗಿ ತರಗತಿಯೆಲ್ಲ ನಕ್ಕರೆ, ಮರುದಿನ ಹೊಟ್ಟೆನೋವೆಂದು ಹೇಳಿ ಶಾಲೆಯನ್ನೇ ತಪ್ಪಿಸುತ್ತಾನೆ. ಲೆಕ್ಕ ಎರಡು ಕಡೆಯೂ ಒಂದೇ!

ನಮ್ಮ ಸೀಮೆಯ ರೈತನನ್ನು ನೋಡಿರಿ. ಮುಂಗಾರು ಕೈಕೊಟ್ಟು ಗೋವಿನಜೋಳ ಒಣಗಿಹೋದರೂ ಹಿಂಗಾರಿಗೆ ಹೊಲ ಹರಗಿ ಕಡಲೆಯನ್ನೋ ಬಿಳಿಜೋಳವನ್ನೋ ಬಿತ್ತುತ್ತಾನೆ. ಬೆಳೆ ಬಂದೇ ಬರುವುದೆಂದು ಅವನಿಗೆ ಯಾರೂ ಬರೆದುಕೊಟ್ಟಿರುವುದಿಲ್ಲ. ಹೊಲದ ವಿಷಯದಲ್ಲಿ ಇಷ್ಟು ಧೈರ್ಯವುಳ್ಳ ಅದೇ ತಂದೆ, ಮಗನು ಗಣಿತದಲ್ಲಿ ನಪಾಸಾದನೆಂದೊಡನೆ 'ಮುಗಿಯಿತು ಇವನ ಬಾಳು' ಎನ್ನುವುದು ನನಗೆ ಸೋಜಿಗವಾಗಿದೆ. ಒಂದು ಮಳೆ ಹೋಯಿತೆಂದು ಹೊಲ ಮಾರದವನು ಒಂದು ಪರೀಕ್ಷೆಗಾಗಿ ಮಗನನ್ನು ಕೈಬಿಡಬಹುದೇ?

ಶುಭಸಂದೇಶದ ತಲಾಂತುಗಳ ಸಾಮತಿಯನ್ನು ನೀವೆಲ್ಲ ಬಲ್ಲಿರಿ. ಮೂರನೆಯ ಆಳು ಕಳ್ಳನಲ್ಲ, ಕುಡುಕನಲ್ಲ. ಅಂಜಿದನು, ಅಂಜಿ ತನಗೆ ಕೊಟ್ಟದ್ದನ್ನು ಮಣ್ಣಿನಲ್ಲಿ ಹೂತಿಟ್ಟನು. ಅಷ್ಟೇ ಅವನ ಅಪರಾಧ. ವ್ಯಾಪಾರಕ್ಕಿಳಿದು ನಷ್ಟಮಾಡಿಕೊಂಡ ನಾಲ್ಕನೆಯ ಆಳೊಬ್ಬನು ಆ ಕಥೆಯಲ್ಲಿಲ್ಲ. ಇದ್ದಿದ್ದರೆ ಯಜಮಾನನು ಅವನಿಗೆ ಏನು ಹೇಳುತ್ತಿದ್ದನೋ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಬೈಯುತ್ತಿದ್ದನೆಂದು ನನಗೆ ಅನ್ನಿಸುವುದಿಲ್ಲ.

ಹೂತಿಡದೆ ಬಾಳಿದವರು ನಮ್ಮ ನೆರೆಯಲ್ಲೇ ಇದ್ದರು. ಅವರು ನಮ್ಮ ಮತದವರಲ್ಲ, ಆದರೆ ನಮ್ಮ ಮಣ್ಣಿನವರು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಗದಿಗೆಯ್ಯನೆಂಬ ಮಗು ಹುಟ್ಟಿತು. ಹುಟ್ಟುಗುರುಡು. ಅಣ್ಣನಿಗೂ ಕಣ್ಣಿರಲಿಲ್ಲ. ಅಂಥ ಮಕ್ಕಳು ಏನಾದರೂ ಆಗಬಲ್ಲರೆಂದು ಆ ಕಾಲದಲ್ಲಿ ಎಷ್ಟು ಜನ ನಂಬಿಯಾರು? ಹಾನಗಲ್ಲಿನ ಶ್ರೀ ಕುಮಾರಸ್ವಾಮಿಗಳು ನಂಬಿದರು. ಬಾಲಕರ ಕಂಠವನ್ನು ಗುರುತಿಸಿ ಸಂಗೀತ ಕಲಿಯಲು ಏರ್ಪಾಡು ಮಾಡಿದರು. ಮೈಸೂರಿನಲ್ಲಿ ಕರ್ನಾಟಕ ಸಂಗೀತ, ಆಮೇಲೆ ನೀಲಕಂಠಬುವಾ ಮಿರಜಕರರಲ್ಲಿ ಹಿಂದೂಸ್ತಾನಿ ಸಂಗೀತ, ಎರಡನ್ನೂ ಸಾಧಿಸಿ ಆ ಹುಡುಗನು ಪಂಚಾಕ್ಷರಿ ಗವಾಯಿಗಳಾದನು.

ಅಲ್ಲಿಗೆ ಕಷ್ಟ ತೀರಲಿಲ್ಲ. ಅಂಧ ಮಕ್ಕಳನ್ನೂ ಅನಾಥರನ್ನೂ ಕಟ್ಟಿಕೊಂಡು ಅವರು ನಡೆಸಿದ್ದು ಸಂಚಾರಿ ಪಾಠಶಾಲೆ. ಇಂದು ಒಂದು ಊರು, ನಾಳೆ ಒಂದು ಊರು. ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆನಿಂತದ್ದು ಬಹಳ ಅಲೆದಾಟದ ನಂತರ. ಬಸವರಾಜ ರಾಜಗುರು ಅವರಂಥ ಗಾಯಕರು ಈ ಗುರುಗಳ ಶಿಷ್ಯರು. ೧೯೪೪ರಲ್ಲಿ ಗುರುಗಳು ತೀರಿಕೊಂಡಾಗ ಆಶ್ರಮದ ಹೊಣೆ ಬಿದ್ದದ್ದು ಇನ್ನೊಬ್ಬ ಅಂಧನ ಹೆಗಲಿಗೆ. ಅವರೇ ನಮ್ಮ ಜಿಲ್ಲೆಯ ದೇವಗಿರಿಯಲ್ಲಿ ೧೯೧೪ರಲ್ಲಿ ಹುಟ್ಟಿ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು. ನೂರಾರು ಮಕ್ಕಳಿಗೆ ಅನ್ನ ಹಾಕಲು ಅವರು ನಾಟಕ ಕಂಪನಿಯನ್ನೇ ಕಟ್ಟಿದರು. ೨೦೧೦ರಲ್ಲಿ ಪದ್ಮಭೂಷಣ ಬಂದಿತು. ಆ ವರ್ಷವೇ ಸೆಪ್ಟೆಂಬರಿನಲ್ಲಿ ಅವರು ದಿವಂಗತರಾದರು.

ಇಲ್ಲಿ ಕ್ರಮವನ್ನು ಗಮನಿಸಿರಿ. ಮೊದಲು ಹಿರಿಯರೊಬ್ಬರ ನಂಬಿಕೆ, ಅನಂತರ ವರ್ಷಗಟ್ಟಲೆ ಸಾಧನೆ, ಆತ್ಮವಿಶ್ವಾಸ ಬಂದದ್ದು ಕಡೆಗೆ. ನಾವು ಮಕ್ಕಳಿಗೆ 'ನಿನ್ನ ಮೇಲೆ ನೀನು ನಂಬಿಕೆಯಿಡು' ಎಂದು ಉಪದೇಶಿಸುತ್ತೇವೆ. ನಾವು ಮಾತ್ರ ಇಡುವುದಿಲ್ಲ. 'ನಾನು ಗೆಲ್ಲಬಲ್ಲೆ' ಎಂದು ಕನ್ನಡಿಯ ಮುಂದೆ ನೂರು ಸಲ ಹೇಳಿಕೊಂಡರೆ ಧೈರ್ಯ ಬರುವುದೆಂದು ಬೋಧಿಸುವವರೂ ಇದ್ದಾರೆ. ನನಗೆ ಅದರಲ್ಲಿ ವಿಶ್ವಾಸವಿಲ್ಲ. ಸ್ವರವನ್ನು ಸಾವಿರ ಸಲ ತಿದ್ದಿದವನ ಕಂಠಕ್ಕೆ ಧೈರ್ಯ ತಾನಾಗಿ ಬರುತ್ತದೆ. ಆದುದರಿಂದ ಮಕ್ಕಳೇ, ಪುಸ್ತಕವನ್ನೆಲ್ಲ ಕಂಡು ಎದೆ ನಡುಗಿದರೆ ಪುಸ್ತಕವನ್ನು ಮುಚ್ಚಿ, ಇಂದು ಒಂದೇ ಒಂದು ಪ್ರಮೇಯವನ್ನು ಕಲಿಯಿರಿ. ನಾಳೆ ಅದನ್ನೇ ನೋಡದೆ ಬರೆಯಿರಿ.

ಎಸ್.ಎಸ್.ಎಲ್.ಸಿ. ಪರೀಕ್ಷೆಯೂ ಈಗ ಒಂದೇ ಬಾಗಿಲಿನದಲ್ಲ. ೨೦೨೪ರಲ್ಲಿ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ ಬಂದಿತು. ೨೦೨೫ರ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಮಕ್ಕಳಲ್ಲಿ ಮೂವರಿಗೊಬ್ಬರಂತೆ ತೇರ್ಗಡೆಯಾಗದೆ ಉಳಿದರು. ಅಷ್ಟು ಮಕ್ಕಳೆಲ್ಲ ದಡ್ಡರೆಂದು ಹೇಳುವವನ ಬುದ್ಧಿಯನ್ನೇ ಶಂಕಿಸಬೇಕು. ಆದರೂ ಪ್ರತಿವರ್ಷ ಫಲಿತಾಂಶದ ಮರುದಿನ, ನಪಾಸಾದ ಯಾವುದೋ ಮಗು ಪ್ರಾಣ ಕಳೆದುಕೊಂಡ ಸುದ್ದಿಯನ್ನು ಪತ್ರಿಕೆಯಲ್ಲಿ ಓದಬೇಕಾಗಿದೆ. ಆ ಮಗುವನ್ನು ಕೊಂದದ್ದು ಗಣಿತವಲ್ಲ.

ಪಾಲಕರೇ, ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿರಿ. ಪಕ್ಕದ ಮನೆಯವರ ಅಂಕಗಳನ್ನು ಆ ದಿನ ವಿಚಾರಿಸಬೇಡಿರಿ. ಮಗು ಮಾತು ನಿಲ್ಲಿಸಿದರೆ, ಊಟ ಬಿಟ್ಟರೆ, ಸಾಯುವ ಮಾತಾಡಿದರೆ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಟೆಲಿ-ಮಾನಸ್ ಎಂಬ ಸರಕಾರದ ಉಚಿತ ಸಹಾಯವಾಣಿ ಹಗಲಿರುಳೂ ಉಂಟು, ಸಂಖ್ಯೆ ೧೪೪೧೬. ಅಂದು ಮೊದಲು ಊಟಕ್ಕೆ ಬಡಿಸಿರಿ. ಮುಂದಿನ ಪರೀಕ್ಷೆಗೆ ಅರ್ಜಿ ಕೊಡುವ ಕಡೆಯ ದಿನ ಯಾವುದೆಂದು ಮರುದಿನ ಮಗುವಿನೊಡನೆ ಶಾಲೆಗೆ ನಡೆದುಹೋಗಿ ಕೇಳಿಕೊಂಡು ಬನ್ನಿರಿ.