ಪೆನ್ನಿನ ಮೈಮೇಲಿನ ಹೆಸರು



ಹಳೆಯ ಪೆನ್ನುಗಳ ಈ ಪ್ರದರ್ಶನದ ದೀಪ ಬೆಳಗಿಸಿದ್ದಾಯಿತು. ಒಳಗಿನ ಮೇಜುಗಳನ್ನು ನೋಡುವ ಆತುರ ನಿಮ್ಮಷ್ಟೇ ನನಗೂ ಇದೆ. ಆದ್ದರಿಂದ ಒಂದೇ ವಿಷಯ ಹೇಳುತ್ತೇನೆ.

ಇಲ್ಲಿರುವ ಜಪಾನಿನ ನಮಿಕಿ ಪೆನ್ನುಗಳನ್ನು ತಪ್ಪದೆ ನೋಡಿ. ಅರಗಿನ ಮೇಲೆ ಚಿನ್ನದ ಪುಡಿ ಉದುರಿಸಿ, ಪದರದ ಮೇಲೆ ಪದರ ಕೂಡಿಸಿ ಚಿತ್ರ ಬರೆಯುವ ಮಕಿ-ಎ ಕಲೆ ಅದು. 1930ರಲ್ಲಿ ಲಂಡನ್ನಿನ ಡನ್‌ಹಿಲ್ ಕಂಪನಿಯ ಜೊತೆ ಒಪ್ಪಂದವಾದ ಮೇಲೆ ಆ ಪೆನ್ನುಗಳು ಯುರೋಪಿನ ಸಿರಿವಂತರ ಕೈ ಸೇರಿದವು. ಪೆನ್ನಿನ ಮೈಮೇಲೆ ಕಲಾವಿದರ ಪುಟ್ಟ ಸಹಿ ಇರುತ್ತದೆ. ಆ ಸಹಿಗಾಗಿ ನಾವು ಎಷ್ಟು ಬೇಕಾದರೂ ಕೊಡುತ್ತೇವೆ.

ಆದರೆ ಪಾರ್ಕರ್ ಕಂಪನಿಯ ಡ್ಯುಯೋಫೋಲ್ಡ್ ಪೆನ್ನೊಂದರ ಮೇಲೆ ಅದನ್ನು ಕೊಂಡವರು ತಮ್ಮ ಹೆಸರು ಕೆತ್ತಿಸಿದ್ದರೆ ಬೆಲೆ ಇಳಿಯುತ್ತದೆ. 1921ರಲ್ಲಿ ಕೆಂಪು ಡ್ಯುಯೋಫೋಲ್ಡ್ ಪೆನ್ನಿಗೆ ಏಳು ಡಾಲರ್. ಅಂದಿನ ಪೆನ್ನುಗಳ ನಡುವೆ ಅದು ದುಬಾರಿಯೇ. ಯಾರೋ ಆಸೆಪಟ್ಟು ಕೊಂಡು ಹೆಸರು ಬರೆಸಿದ್ದಾರೆ. ಅದನ್ನು ಉಜ್ಜಿ ಅಳಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಉಜ್ಜಿದಾಗ ಪಕ್ಕದಲ್ಲಿರುವ ತಯಾರಕರ ಅಚ್ಚೂ ಸವೆದುಹೋಗುತ್ತದೆ. ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಪೆನ್ನುಗಳ ಕಥೆಯೂ ಇಷ್ಟೇ. ಬಿಸಿಲು ಮತ್ತು ತೇವಕ್ಕೆ ಕಪ್ಪು ಬಣ್ಣ ಕಂದಾಗುವುದು ಆ ರಬ್ಬರಿನ ಗುಣ. ಕಪ್ಪು ಬಳಿದು ಹೊಸದೆಂದು ಮಾರುವುದು ಮೋಸ.

ಹಾಗೆಂದು ರಿಪೇರಿ ಬೇಡ ಅನ್ನುತ್ತಿಲ್ಲ. ಪೆನ್ನಿನೊಳಗೆ ಶಾಯಿ ತುಂಬುವ ರಬ್ಬರ್ ಚೀಲ ಒಣಗಿ ಪುಡಿಯಾಗಿದ್ದರೆ ಬದಲಿಸಲೇಬೇಕು. 1929ರ ಪೆಲಿಕನ್ ಪೆನ್ನಿನಲ್ಲಿ ಹಿಂಬದಿಯ ಗುಂಡಿ ತಿರುಗಿಸಿದರೆ ಪಿಸ್ಟನ್ ಶಾಯಿ ಎಳೆದುಕೊಳ್ಳಬೇಕು. 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51ರ ನಿಬ್ಬು ಮುಸುಕಿನೊಳಗೆ ಅಡಗಿದೆ, ಶಾಯಿ ತುದಿಯಲ್ಲೇ ಒಣಗಬಾರದೆಂದು. ಅಷ್ಟು ಯೋಚಿಸಿ ಮಾಡಿದ ಪೆನ್ನು ಬರೆಯದೆ ಗಾಜಿನೊಳಗೆ ಕೂತರೆ ಅದನ್ನು ಮಾಡಿದವರಿಗೆ ನಾವು ಕೊಟ್ಟ ಗೌರವವೇನು? ಹಳೆಯ ಎಷ್ಟೋ ಚಿನ್ನದ ನಿಬ್ಬುಗಳು ಒತ್ತಿದರೆ ಅರಳುತ್ತವೆ, ಬಿಟ್ಟರೆ ಕೂಡುತ್ತವೆ. ಅದು ಕಣ್ಣಿಗೆ ಕಾಣುವುದಲ್ಲ, ಕೈಗೆ ತಿಳಿಯುವುದು.

ಮನೆಯ ಬೀರುವಿನಲ್ಲಿ ಅಜ್ಜನ ಪೆನ್ನು ಇದ್ದರೆ ಬಿಸಿನೀರಿಗೆ ಹಾಕಬೇಡಿ, ಬಿಗಿದ ಮುಚ್ಚಳವನ್ನು ಬಲವಂತವಾಗಿ ತಿರುಗಿಸಬೇಡಿ. ಇಲ್ಲಿರುವ ರಿಪೇರಿ ಬಲ್ಲವರಿಗೆ ತೋರಿಸಿ. ಅದರ ಮೇಲೆ ಅಜ್ಜನ ಹೆಸರಿದ್ದರೆ ಹಾಗೆಯೇ ಇರಲಿ. ಮಾರಬೇಕಾಗಿ ಬಂದರೂ ಅಳಿಸದೆ ಮಾರಿ. ಕೊಳ್ಳುವವರಲ್ಲಿಯೂ ನನ್ನ ವಿನಂತಿ ಇದೇ: ಹೆಸರಿದೆ ಎಂದು ಚೌಕಾಸಿ ಮಾಡಬೇಡಿ.

ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ. ಬನ್ನಿ, ಮಾಲೀಕರ ಅಪ್ಪಣೆ ಪಡೆದು ಒಂದೊಂದು ಸಾಲನ್ನಾದರೂ ಬರೆದು ನೋಡಿ.