ಪದವಿಯ ಕನಸು, ನಮ್ಮ ಹೊಣೆ
(ಸಂಘದ ವಿದ್ಯಾರ್ಥಿ ಸತ್ಕಾರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಇಲ್ಲಿ ಹಾರ ಹಾಕಿಸಿಕೊಂಡ ಕಾಲೇಜಿನ ಮಕ್ಕಳನ್ನು, ಮುಂದೇನು ಮಾಡುವಿರೆಂದು ಕೇಳಿದೆವು. ಬ್ಯಾಂಕು, ಲೆಕ್ಕಪತ್ರ, ಕಂಪ್ಯೂಟರು ಎಂದು ಉತ್ತರಗಳು ಪಟಪಟನೆ ಬಂದವು. ಒಬ್ಬರ ಮುಖದಲ್ಲೂ ಅಳುಕಿಲ್ಲ. ಹಗಲೆಲ್ಲ ಹೊಟೇಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತ ನಮಗೆ ಆ ಮಾತು ಕೇಳಿ ಮನಸ್ಸು ತುಂಬಿತು. ಆದರೂ ಸಂತೋಷದ ದಿನವೇ ಒಂದು ನಿಜವನ್ನು ಹೇಳಿಬಿಡಬೇಕು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆಯೂ ಕೂಡಿ 2024ರಲ್ಲಿ ನಮ್ಮ ದೇಶದ ಉದ್ಯೋಗದ ವರದಿಯೊಂದನ್ನು ಹೊರತಂದವು. ಅದರಂತೆ 2022ರಲ್ಲಿ, ದುಡಿಯಲು ಮುಂದೆ ಬಂದ ತರುಣ ಪದವೀಧರರಲ್ಲಿ ನೂರಕ್ಕೆ 29 ಮಂದಿ ನಿರುದ್ಯೋಗಿಗಳು. ಓದು ಬರಹ ಬಾರದ ತರುಣರಲ್ಲಿ ನೂರಕ್ಕೆ ಮೂವರು ನಾಲ್ವರು ಮಾತ್ರ. ಹಾಗೆಂದು ಓದು ವ್ಯರ್ಥವೆಂದು ಯಾರೂ ತಿಳಿಯಬಾರದು. ಓದದ ಬಡವನಿಗೆ ಕಾದು ಕೂರುವ ಅನುಕೂಲವಿಲ್ಲ. ಸಿಕ್ಕಿದ ಕೂಲಿಗೆ ಕೈಯೊಡ್ಡಲೇಬೇಕು. ಪದವೀಧರನು ತನ್ನ ಓದಿಗೆ ತಕ್ಕ ಕೆಲಸಕ್ಕಾಗಿ ಕಾಯುತ್ತಾನೆ. ಆ ಕಾಯುವ ದಿನಗಳ ಅನ್ನ ತಂದೆತಾಯಿಗಳ ಬೆವರಿನದು.

ನಂಬಿಕೆ ಮುರಿಯುವ ನೋವು ನಮಗೆ ಹೊಸದಲ್ಲ. ಮುಂಬಯಿಯ ಗಿರಣಿಗಳು ನಮ್ಮ ಮೊಮ್ಮಕ್ಕಳ ಕಾಲಕ್ಕೂ ನಡೆಯುವುವೆಂದು ನಾವು ನಂಬಿದ್ದೆವು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ನಿಂತರು. ಅವರಲ್ಲಿ ಬಹು ಮಂದಿಗೆ ಗಿರಣಿಯ ಬಾಗಿಲು ಮತ್ತೆ ತೆರೆಯಲಿಲ್ಲ. ಬೇರೊಂದು ಕಸುಬು ಕೈಯಲ್ಲಿದ್ದವರು ಬೇಗ ಚೇತರಿಸಿಕೊಂಡರು. ನಾವು ಕಂಡುಕೊಂಡ ಪಾಠ ಇಷ್ಟೇ: ಕೆಲಸವನ್ನು ನಂಬಿ ಕೂರಬಾರದು, ಕೈಯ ಕುಶಲತೆಯನ್ನು ನಂಬಬೇಕು.

ಮಕ್ಕಳೇ, ಆಶೆ ಬಿಡಬೇಡಿರಿ. ಆಶೆಗೆ ಕಾಲು ಕೊಡಿರಿ. ಪದವಿಪತ್ರ ಬರುವ ತನಕ ಕಾಯದೆ, ನೀವು ಬಯಸುವ ಕೆಲಸದಲ್ಲಿರುವ ಹಿರಿಯರನ್ನು ಕಂಡು, ಅಲ್ಲಿ ಏನು ಬಲ್ಲವರಿಗೆ ಬೆಲೆಯೆಂದು ಕೇಳಿರಿ. 1961ರ ಅಪ್ರೆಂಟಿಸ್ ಕಾಯಿದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ, ಇಂಜಿನಿಯರಿಂಗ್ ಓದದ ಪದವೀಧರರಿಗೂ ಸ್ಟೈಪೆಂಡಿನೊಡನೆ ಕೆಲಸ ಕಲಿಯುವ ದಾರಿಯುಂಟು. ಅದನ್ನು ಕೀಳೆಂದು ಬಗೆಯಬೇಡಿರಿ.

ತಂದೆತಾಯಿಗಳೇ, ವರುಷವೊಂದು ಕೆಲಸ ಸಿಗದೆ ಹೋದರೆ, ‘ನಿನ್ನನ್ನು ಓದಿಸಿದ್ದೇ ತಪ್ಪು’ ಎಂದು ಹಂಗಿಸಬೇಡಿ. ಅವರು ಮೈಗಳ್ಳರಲ್ಲ. ನಮ್ಮಲ್ಲೇ ಓದಿ ನೌಕರಿ ಹಿಡಿದವರು ತಿಂಗಳಿಗೊಂದು ಸಂಜೆ ಸಂಘಕ್ಕೆ ಬಂದು ಈ ಮಕ್ಕಳಿಗೆ ದಾರಿ ತೋರಲಿ. ಹಾರ ಹಾಕಿದ ಕೈಗಳೇ ಆಸರೆಯೂ ಆಗಲಿ.