ಚಾರ್ಜ್ ಆಗ್ಲಿಲ್ಲ, ದುಡ್ಡು ಮಾತ್ರ ಹೋಯ್ತು!

ಕುಂಸಿಯಿಂದ ಮಾತಾಡ್ತಿದೀನಿ. ಇವತ್ತಿನ ವಿಷಯ ಎಲೆಕ್ಟ್ರಿಕ್ ಕಾರು. ಗಾಡಿ ಬಗ್ಗೆ ಅಲ್ಲ, ಅದಕ್ಕೆ ಕಟ್ಟೋ ದುಡ್ಡಿನ ಬಗ್ಗೆ.

ಹೋದ ಮಳೆಗಾಲ ಮಾವನ ಕಾರಲ್ಲಿ ಸಾಗರದಿಂದ ಬರ್ತಿದ್ವಿ. ಬ್ಯಾಟರಿ ಶೇ. 14. ದಾರಿಯಲ್ಲಿ ಒಂದು ಚಾರ್ಜರ್ ಸಿಕ್ತು. ಆ್ಯಪ್ ಹಾಕ್ಕೊಂಡೆ. ಮೊದಲು ವಾಲೆಟ್‌ಗೆ 500 ರೂಪಾಯಿ ತುಂಬು ಅಂತು, ತುಂಬಿದೆ. ಗನ್ ಸಿಕ್ಕಿಸಿ ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಸ್ಕ್ರೀನ್ ಮೇಲೆ ಚಕ್ರ ತಿರುಗಿದ್ದೇ ತಿರುಗಿದ್ದು, ಚಾರ್ಜ್ ಶುರುವಾಗ್ಲಿಲ್ಲ. ಮಾವ ಕೇಳಿದ್ರು: "ಬಂಕಲ್ಲಿ ಮೊದಲು ಪೆಟ್ರೋಲ್, ಆಮೇಲೆ ದುಡ್ಡು. ಇಲ್ಯಾಕೋ ಉಲ್ಟಾ?"

ಒಳ್ಳೇ ಪ್ರಶ್ನೆ. ಬಂಕಲ್ಲಿ ಹುಡುಗ ನಿಂತಿರ್ತಾನೆ. ಇಲ್ಲಿ ಯಾರೂ ಇರಲ್ಲ. ನೀವು ಸ್ಕ್ಯಾನ್ ಮಾಡಿದಾಗ ಆ್ಯಪ್ ಕಂಪನಿಯ ಸರ್ವರ್‌ಗೆ ಹೇಳುತ್ತೆ, ಸರ್ವರ್ ವಾಲೆಟ್ ನೋಡಿ, ಇಂಟರ್ನೆಟ್ ಮೂಲಕ ಚಾರ್ಜರ್‌ಗೆ 'ಶುರು ಮಾಡು' ಅನ್ನುತ್ತೆ. ನಿಮ್ಮ ಫೋನಿಗೆ ಫುಲ್ ಸಿಗ್ನಲ್ ಇದ್ರೂ ಚಾರ್ಜರ್ ಒಳಗಿನ ಸಿಮ್‌ಗೆ ನೆಟ್‌ವರ್ಕ್ ಇಲ್ಲ ಅಂದ್ರೆ ಕಥೆ ಮುಗೀತು. ಚೋರಡಿ ಕಡೆ ಕಾಡಿನ ದಾರೀಲಿ ಓಡಾಡೋರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಈಗ ಬಿಲ್ ನೋಡೋಣ. ಚಾರ್ಜಿಂಗ್ ಅಂದ್ರೆ ವಿದ್ಯುತ್ ಮಾರಾಟ ಅಲ್ಲ, ಅದೊಂದು ಸೇವೆ ಅಂತ ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಹಾಗಾಗಿ ಲೈಸೆನ್ಸ್ ಇಲ್ಲದೇ ಹೋಟೆಲ್‌ನವರೂ ಚಾರ್ಜರ್ ಇಡಬಹುದು. ಆದ್ರೆ ಸೇವೆ ಅಂದ್ಮೇಲೆ ಶೇ. 18 ಜಿಎಸ್‌ಟಿ ಬಂತು. ಉದಾಹರಣೆಗೆ ಯೂನಿಟ್‌ಗೆ 20 ರೂಪಾಯಿ ಅಂದ್ಕೊಳ್ಳಿ. 18 ಯೂನಿಟ್‌ಗೆ 360, ತೆರಿಗೆ 64.80, ಒಟ್ಟು 424.80. ಮನೆಯ ಮೆಸ್ಕಾಂ ಕರೆಂಟಿಗೆ ಜಿಎಸ್‌ಟಿ ಇಲ್ಲ. ಆ್ಯಪ್‌ನಲ್ಲಿ ಕಾಣೋ ರೇಟು ತೆರಿಗೆ ಸೇರಿಸಿದ್ದಾ ಅಂತ ಮೊದಲೇ ನೋಡ್ಕೊಳ್ಳಿ.

ಸರಿ, ಸಿಕ್ಕಿಹಾಕ್ಕೊಂಡ ದುಡ್ಡು? ಇಲ್ಲಿ ಎರಡು ಕೇಸಿದೆ. ಯುಪಿಐನಲ್ಲಿ ಖಾತೆಯಿಂದ ಕಟ್ ಆಗಿ, ಅಂಗಡಿಯವರಿಗೆ ಪಾವತಿಯ ಖಾತ್ರಿ ಸಿಗದೇ ಹೋದ್ರೆ, ಆರ್‌ಬಿಐನ 2019ರ ಸುತ್ತೋಲೆ ಪ್ರಕಾರ ವಹಿವಾಟಿನ ದಿನದಿಂದ 5 ದಿನದೊಳಗೆ ವಾಪಸ್ ಬರಬೇಕು. ತಡವಾದ್ರೆ ದಿನಕ್ಕೆ 100 ರೂಪಾಯಿ ಪರಿಹಾರ. ಆದ್ರೆ ದುಡ್ಡು ವಾಲೆಟ್‌ಗೆ ಹೋಗಿ ಕೂತಿದ್ರೆ ಈ ನಿಯಮ ಸಿಗಲ್ಲ. ಒಂದೇ ಕಂಪನಿಯ ಸೇವೆಗೆ ಮಾತ್ರ ನಡೆಯೋ ವಾಲೆಟ್‌ನ ಆರ್‌ಬಿಐ ಪಾವತಿ ವ್ಯವಸ್ಥೆ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಕಂಪನಿ ಸ್ಪಂದಿಸದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಅದಕ್ಕೇ ನನ್ನ ಮಾತು ಇಷ್ಟು: ನೇರ ಯುಪಿಐ ಇದ್ರೆ ಅದನ್ನೇ ಬಳಸಿ. ವಾಲೆಟ್ಟೇ ಗತಿ ಅಂದ್ರೆ ಕನಿಷ್ಠ ಮೊತ್ತ ಮಾತ್ರ ತುಂಬಿ. ಎರರ್ ಬಂದ ಕೂಡ್ಲೆ ಸ್ಕ್ರೀನ್‌ಶಾಟ್ ತೆಗೀರಿ.

ಅವತ್ತು ನಾವು ಎಸಿ ಆಫ್ ಮಾಡ್ಕೊಂಡು, ನಿಧಾನಕ್ಕೆ ಬಂದು, ಮನೆಯ 15 ಆ್ಯಂಪ್ ಸಾಕೆಟ್‌ಗೆ ಗಾಡಿ ಹಾಕಿದ್ವಿ. ಬೆಳಗ್ಗೆ ಮಾವ ಶಿವಮೊಗ್ಗಕ್ಕೆ ಹೊರಟ್ರು. ನನ್ನ 500 ರೂಪಾಯಿ ಮಾತ್ರ ಇನ್ನೂ ಆ ವಾಲೆಟ್‌ನಲ್ಲೇ ಇದೆ. ನಿಮ್ಮದೆಷ್ಟು ಸಿಕ್ಕಿಹಾಕ್ಕೊಂಡಿದೆ? ವಾಯ್ಸ್ ನೋಟ್ ಕಳ್ಸಿ. ಮುಂದಿನ ವಾರ ಸಿಗೋಣ.